ಕಾಲುವೆಯಾಚೆ ಹೋದ ಕೋಟುಗಳು

ಎಕ್ಸರೆಯಲ್ಲಿ ನಮ್ಮ ಯಜಮಾನರ ಎದೆಯೊಳಗೆ ಅಂಗಿಗೆ ಹೊಲಿಯುವಂಥ ಒಂದು ಗುಂಡಿ ಕಂಡಿದೆ ಅಂತ ಗೊತ್ತಾದಾಗ ನನಗೆ ಮೊದಲು ಬಂದದ್ದು ನಗು. ಗುಂಡಿ ತಾನೆ! ನಮ್ಮೂರಿನಲ್ಲಿ ಎಕ್ಸರೆ ತೆಗೆಸಿದವರ ಮೈಯೊಳಗೆ ಏನೇನು ಕಾಣುವುದಿಲ್ಲ ಹೇಳಿ. ನಮ್ಮತ್ತೆ ಬದುಕಿದ್ದಾಗ ಅವರ ಸೊಂಟದ ಫಿಲ್ಮಿನಲ್ಲಿ ಈಳಿಗೆಮಣೆ ಬಂದಿತ್ತು. ಪಕ್ಕದ ಮನೆ ಕೊಟ್ರಮ್ಮನ ಕುತ್ತಿಗೆಯಲ್ಲಿ ಟೀ ಸೋಸುವ ಜಾಲರಿ. ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ ಅವಳ ಮಗನ ಮೊಣಕೈ ಹತ್ತಿರ ಹಲ್ಲುಜ್ಜುವ ಬ್ರಶ್ಶು. ಮನೆಯಲ್ಲಿರುವ ಯಾವುದೋ ಒಂದು ಸಾಮಾನು ಬಂದು ಮೂಳೆಗಳ ನಡುವೆ ಕೂತುಬಿಡುತ್ತದೆ, ಅಷ್ಟೆ. ಅದು ಕಂಡರೆ ಮನೆಗೆ ಹೋಗಿ ಆ ಸಾಮಾನನ್ನು ಹುಡುಕಬೇಕು, ಕಾಲುವೆಯಾಚೆ ಗುರುತಿನವರ ಮನೆಯಲ್ಲಿ ಇಟ್ಟು ಬರಬೇಕು, ಮತ್ತೆ ಎಕ್ಸರೆ ತೆಗೆಸಬೇಕು. ಕಾಲುವೆ ದಾಟಿದ ಸಾಮಾನು ಫಿಲ್ಮಿಗೆ ಬರುವುದಿಲ್ಲ. ಇದಕ್ಕೆ ನಮ್ಮಲ್ಲಿ ಸರಿಸುವುದು ಅನ್ನುತ್ತಾರೆ. ಕಾಲುವೆಯ ಆಚೆಯವರು ಅವರ ಸಾಮಾನನ್ನು ನಮ್ಮ ಮನೆಗೆ ತಂದಿಡುತ್ತಾರೆ, ನಾವು ನಮ್ಮದನ್ನು ಅವರ ಮನೆಗೆ ಒಯ್ಯುತ್ತೇವೆ. ಅರ್ಧ ಊರಿನ ನೆಂಟಸ್ತಿಕೆ ನಡೆಯುತ್ತಿರುವುದೇ ಇದರಿಂದ. ಮೊದಲ ಸಲದ ಫಿಲ್ಮಿನಲ್ಲೇ ಏನೂ ಬಾರದವರನ್ನು ಕಂಡರೆ ಮಾತ್ರ ನಮಗೆ ಅಯ್ಯೋ ಪಾಪ ಅನ್ನಿಸುತ್ತದೆ. ಅವರಿಗೆ ನನ್ನದು ಅನ್ನುವ ಮನೆ ಇಲ್ಲ ಅಂತ ಲೆಕ್ಕ.

ನಾನು ತಿಪ್ಪಮ್ಮ, ಹಿಟ್ಟಿನ ಗಿರಣಿ ನಡೆಸುತ್ತೇನೆ. ಶಾಲೆ ಕಂಡವಳಲ್ಲ. ಹಿಟ್ಟು ಕಟ್ಟಿಕೊಡಲು ತರುತ್ತಿದ್ದ ಹಳೇ ಪೇಪರುಗಳಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತೆ. ಯಜಮಾನರ ಹೆಸರನ್ನು ನಾನು ಹೇಳುವುದಿಲ್ಲ, ಊರಿನವರು ಅವರನ್ನು ಕ್ಲಾರ್ನೆಟ್ ಹಾಲಪ್ಪ ಅನ್ನುತ್ತಾರೆ. ಮದುವೆಗಳಿಗೆ ಬಾರಿಸುವ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರ್ನೆಟ್ ಅವರದು. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಒಂದು ಸ್ವರ ಹಿಡಿದು ಬಿಡದೆ ಎಳೆದರೆಂದರೆ, ಅದು ಮುಗಿಯುವವರೆಗೆ ಹುಡುಗಿಯ ಅಮ್ಮ ಕೂಡ ಅಳುವುದನ್ನು ನಿಲ್ಲಿಸಿ ಉಸಿರು ಹಿಡಿದು ನಿಲ್ಲುತ್ತಿದ್ದಳು. ಆ ಸ್ವರ ಈ ಸಲದ ಮದುವೆ ಸೀಸನ್ನಿನಲ್ಲಿ ನಡುವೆಯೇ ಮುರಿಯತೊಡಗಿತು. ಕೆಮ್ಮು. ಆಮೇಲೆ ಜ್ವರ. ನಮ್ಮ ಡಾಕ್ಟರು ಪರಮೇಶಯ್ಯನವರು ಮಾತ್ರೆ ಕೊಟ್ಟರೆ ಜ್ವರ ಇಳಿಯುವುದು, ಮಾತ್ರೆ ಮುಗಿದರೆ ಏರುವುದು. ಕೊನೆಗೆ ಅವರು, "ಎದೇದೊಂದು ಎಕ್ಸರೆ ತೆಗೆಸ್ಕೊಂಡು ಬಾರಪ್ಪ ಹಾಲಪ್ಪ, ಒಳಗೇನೈತೆ ನೋಡೋಣ" ಅಂದರು.

ಎಕ್ಸರೆ ನೋಡಿ ಬರೆದುಕೊಡುವವರು ಡಾಕ್ಟರ್ ವಾರಿಜಾ, ಊರಿಗೆ ಹೊಸಬರು. ಅವರ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಬಂದ ಮೊದಲ ದಿನ ಒಬ್ಬ ಹೆಂಗಸಿನ ಫಿಲ್ಮಿನಲ್ಲಿ ಸೌಟು ಕಂಡಿತು. ಪಾಪ, ಅವರಿಗೆ ನಮ್ಮೂರಿನ ಸಂಗತಿ ಯಾರೂ ಹೇಳಿರಲಿಲ್ಲ. ಬೆವೆತು ಹೊರಗೆ ಓಡಿ ಬಂದು, "ಅಮ್ಮಾ, ಅಲ್ಲಾಡಬೇಡಿ! ಸೌಟು ಯಾವಾಗ ನುಂಗಿದ್ರಿ?" ಅಂತ ಕೇಳಿ, ಸ್ಟ್ರೆಚರ್ ತರಿಸಿ, ದೊಡ್ಡಾಸ್ಪತ್ರೆಯ ಆಂಬುಲೆನ್ಸಿಗೆ ಫೋನ್ ಮಾಡಿಬಿಟ್ಟರು. ಆ ಹೆಂಗಸು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಅವತ್ತಿನಿಂದ ಅವರು ಬಜಾರಿಗೆ ಬಂದರೆ ತರಕಾರಿಯವರು ಕೂಡ, "ಸೌಟು ಡಾಕ್ಟ್ರೇ, ಬದನೇಕಾಯಿ ತಗೊಳ್ಳಿ, ನುಂಗೋಕೆ ಸುಲಭ" ಅನ್ನುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಗೆಪಾಟಲಾದ ಮನುಷ್ಯರು ಹುಷಾರಾಗುತ್ತಾರಲ್ಲ, ಅವರೂ ಹುಷಾರಾದರು. ಆಮೇಲೆ ಅವರು ಬರೆದ ಯಾವ ರಿಪೋರ್ಟಿನಲ್ಲೂ ಇದೆ ಅಂತಲೂ ಇರಲಿಲ್ಲ, ಇಲ್ಲ ಅಂತಲೂ ಇರಲಿಲ್ಲ.

ನಮ್ಮವರ ರಿಪೋರ್ಟನ್ನು ನಾನೇ ಗಿರಣಿಯಲ್ಲಿ ನಿಂತು ಜೋರಾಗಿ ಓದಿದೆ. ಮೆಷಿನ್ ನಿಲ್ಲಿಸಿ ಓದಿದೆ ಅಂದಮೇಲೆ ನೋಡಿ. "ಎದೆಯ ಬಲಭಾಗದಲ್ಲಿ ಗುಂಡಿಯಂತಹ ಛಾಯೆ. ಮನೆಯದಿರಬಹುದು. ಅದರ ಕೆಳಗೆ ಮಬ್ಬು ಇರುವ ಸಾಧ್ಯತೆಯನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು. ರೋಗಿಯ ಸ್ಥಿತಿಗೆ ಹೊಂದಿಸಿ ನೋಡುವುದು." ಡಬ್ಬಿ ಹಿಡಿದು ನಿಂತಿದ್ದವರೆಲ್ಲ ಒಂದೊಂದು ಅರ್ಥ ಹೇಳಿದರು. ಕೊಟ್ರಮ್ಮ, "ಹೊಂದಿಸಿ ನೋಡೋದು ಅಂದ್ರೆ ಗುಂಡೀನ ಅಂಗಿಗೆ ಹೊಂದಿಸಿ ನೋಡ್ಬೇಕು ಕಣೇ ತಿಪ್ಪಕ್ಕ" ಅಂದಳು. ರಾಗಿ ಬೀಸಿಸಲು ಬಂದಿದ್ದ ಮುದುಕರೊಬ್ಬರು, "ಅಲ್ಲಗಳೆಯಲಾಗದು ಅಂದ್ರೆ ಇಲ್ಲ ಅಂತಾನೇ. ಕೋರ್ಟಲ್ಲಿ ಹಂಗೇ ಬರೀತಾರೆ" ಅಂದರು. ಇನ್ನೊಬ್ಬರು, "ಕೊನೇಗೆ ಆಗದು ಅಂತ ಐತಲ್ಲ, ಅಂದ್ರೆ ಐತೆ" ಅಂದರು. ಮಬ್ಬು ಇದೆಯೋ ಇಲ್ಲವೋ ಅನ್ನುವುದು ಡಬ್ಬಿಯಿಂದ ಡಬ್ಬಿಗೆ ಬದಲಾಯಿತು. ಡಾಕ್ಟರ್ ಪರಮೇಶಯ್ಯನವರೂ ಕನ್ನಡಕ ಏರಿಸಿ ಓದಿ, ಇಳಿಸಿ ಓದಿ, "ಗುಂಡಿ ಅಂತೆ. ಸರಿಸಿ ಇನ್ನೊಂದು ತೆಗೆಸಮ್ಮ, ಆಮೇಲೆ ಮಬ್ಬಿನ ವಿಚಾರ ನೋಡೋಣ" ಅಂದರು. ಗುಂಡಿ ಎಲ್ಲರಿಗೂ ಅರ್ಥವಾಯಿತು, ಮಬ್ಬು ಯಾರಿಗೂ ಆಗಲಿಲ್ಲ. ಹಾಗಾಗಿ ನಾವು ಗುಂಡಿಯ ಹಿಂದೆ ಬಿದ್ದೆವು.

ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರೆ ಅನುಮಾನವೇ ಇರಲಿಲ್ಲ. ಲೋಹದ ಚಪ್ಪಟೆ ಗುಂಡಿ, ನಡುವೆ ನಾಲ್ಕು ತೂತು. ಬ್ಯಾಂಡಿನ ಕೆಂಪು ಕೋಟಿನ ಗುಂಡಿ! ಬ್ಯಾಂಡಿನವರ ಕೋಟುಗಳೆಲ್ಲ ನಮ್ಮ ಗಿರಣಿಯ ಹಿಂದಿನ ಕೋಣೆಯಲ್ಲೇ ನೇತಾಡುತ್ತವೆ. ಯಜಮಾನರ ಕೋಟನ್ನು ಮಾತ್ರ ಸರಿಸಿದರೆ ಸಾಲದು, ಯಾವ ಕೋಟಿನ ಗುಂಡಿ ಬಂದು ಕೂತಿದೆಯೋ ಯಾರಿಗೆ ಗೊತ್ತು. ಅಷ್ಟನ್ನೂ ಕಟ್ಟಿ ತಲೆಯ ಮೇಲೆ ಹೊತ್ತು ಕಾಲುವೆಯಾಚೆ ನನ್ನ ಚಿಕ್ಕಮ್ಮನ ಮನೆಯಲ್ಲಿಟ್ಟು ಬಂದೆ. ಬ್ಯಾಂಡ್ ಮಾಸ್ಟರ್ ಮಸ್ತಾನ್ ಸಾಬರು ಮಾರನೆಯ ದಿನ ಬಂದು ಖಾಲಿ ಗೂಟಗಳನ್ನು ನೋಡಿ ತಲೆ ಮೇಲೆ ಕೈ ಹೊತ್ತರು. "ತಂಗೀ, ಇವತ್ತು ಮದುವೆ ಐತೆ!" ಅಂದರು. ನಾನು, "ಅಣ್ಣಾ, ಎಕ್ಸರೆ ಆಗೋವರೆಗೂ ಒಂದು ನೂಲೂ ಕಾಲುವೆ ದಾಟಿ ಈಚೆ ಬರಂಗಿಲ್ಲ" ಅಂದೆ. ಬ್ಯಾಂಡಿನವರೆಲ್ಲ ತಂತಮ್ಮ ಮನೆಯ ಬಿಳಿ ಅಂಗಿ ಹಾಕಿಕೊಂಡು ಹೋದರು. ಸಂಜೆ ಬಂದವರ ಮುಖ ನೋಡಬೇಕಿತ್ತು. "ಮದುವೆ ಮನೇಲಿ ನಮ್ಮನ್ನ ಬಡಿಸೋರು ಅಂದ್ಕೊಂಡು ಕೈಗೆ ಸಾರಿನ ಬಕೆಟ್ ಕೊಟ್ರು ತಂಗಿ. ಡ್ರಮ್ಮಿನವನು ಪಾಪ ಎರಡು ಪಂಕ್ತಿ ಬಡಿಸಿಯೇಬಿಟ್ಟ" ಅಂದರು. ಯಜಮಾನರು ಮಂಚದ ಮೇಲಿನಿಂದಲೇ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಮಸ್ತಾನ್ ಸಾಬರು ನಗುವುದನ್ನು ಬಿಟ್ಟು ಅವರ ಬೆನ್ನು ಸವರುತ್ತ ಕೂತರು.

ಎರಡನೇ ಫಿಲ್ಮಿನಲ್ಲೂ ಗುಂಡಿ ಅಲ್ಲೇ ಇತ್ತು. ಇದು ಹೇಗೆ? ನಾನು ರಿಪೋರ್ಟು ಓದಿದೆ. "ಹಿಂದಿನ ಛಾಯೆಯೇ ಮುಂದುವರಿದಂತೆ ತೋರುತ್ತದೆ. ಸರಿಸುವಿಕೆ ಪೂರ್ಣವಾಗಿಲ್ಲದಿರಬಹುದು." ಪೂರ್ಣವಾಗಿಲ್ಲವೆ? ಸರಿ, ಮಾಡೋಣ ಅಂತ ಹಠ ಬಂತು. ಗುಂಡಿಯ ಡಬ್ಬಿ, ಯಜಮಾನರ ಅಂಗಿಗಳು, ನನ್ನ ರವಿಕೆಗಳ ಹುಕ್ಕು, ದಿಂಬಿನ ಕವರು ಎಲ್ಲ ಕಾಲುವೆ ದಾಟಿದವು. ಆಮೇಲೆ ದುಂಡಗೆ ಕಂಡದ್ದೆಲ್ಲ ಹೋಯಿತು: ಕ್ಲಾರ್ನೆಟ್ಟಿನ ಬಿರಟೆ, ಟಾರ್ಚಿನ ಮುಚ್ಚಳ, ಕುಕ್ಕರಿನ ವಿಷಲ್ಲು. ಕೊನೆಗೆ ತಲೆ ಕೆಟ್ಟು ಪಾತ್ರೆ, ಟ್ರಂಕು, ಗಡಿಯಾರ, ಹಾಸಿಗೆ ಒಂದನ್ನೂ ಬಿಡದೆ ಎತ್ತಿನ ಗಾಡಿಯಲ್ಲಿ ಹೇರಿಸಿದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಏನೇ ಇದು, ಗಂಡನ್ನೂ ಸರಿಸ್ತೀಯಾ ಹೆಂಗೆ?" ಅಂದಳು. ನಾವು ಖಾಲಿ ಮನೆಯಲ್ಲಿ ಚಾಪೆ ಕೂಡ ಇಲ್ಲದೆ ಕೂತೆವು. ಮಾತಾಡಿದರೆ ಗೋಡೆ ಮಾತಾಡುತ್ತಿತ್ತು. ಗಿರಣಿಯಲ್ಲಿ ಮಾತ್ರ ಮೆಷಿನ್ ಇತ್ತು, ಅದು ನೆಲಕ್ಕೆ ಬೋಲ್ಟು ಹಾಕಿದ್ದು.

ಮೂರನೇ ಫಿಲ್ಮು. ಗುಂಡಿ. ಅದೇ ಜಾಗ, ಅದೇ ನಾಲ್ಕು ತೂತು. ಫಿಲ್ಮು ಕೈಯಲ್ಲಿ ಹಿಡಿದು ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಮನೆಯಲ್ಲಿ ಏನೂ ಇಲ್ಲ, ಫಿಲ್ಮಿನಲ್ಲಿ ಗುಂಡಿ ಇದೆ. ನಾನು ನೋಡುತ್ತಿರುವುದು ನಮ್ಮವರ ಫಿಲ್ಮೇ ಹೌದೋ ಅಲ್ಲವೋ ಅಂತ ಮೂಲೆಯಲ್ಲಿ ಬರೆದ ಹೆಸರನ್ನು ಮತ್ತೆ ಮತ್ತೆ ಓದಿದೆ. ಕೊಟ್ರಮ್ಮ ಹಿಂದಿನಿಂದ ಬಂದು ಇಣುಕಿದಳು. ಅವಳು ಕೆಟ್ಟವಳಲ್ಲ, ಬಾಯಿಗೆ ಬಂದದ್ದನ್ನು ತಡೆಯಲಾರಳು ಅಷ್ಟೆ. "ತಿಪ್ಪಕ್ಕ, ನೀನು ಬೇಜಾರು ಮಾಡ್ಕಬೇಡ. ಈ ಮನೆ ಸಾಮಾನೆಲ್ಲ ಸರಿಸಿದ್ರೂ ಬರ್ತೈತೆ ಅಂದ್ರೆ..." ಅಂದಳು. "ಅಂದ್ರೆ?" ಅಂದೆ. "ಅಂದ್ರೆ ಇನ್ನೊಂದು ಮನೆ ಐತೆ ಅಂತ" ಅಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಮದುವೆ ಮದುವೆ ಅಂತ ಊರೂರು ತಿರುಗುವ ಮನುಷ್ಯ. ಎಲ್ಲೋ ಒಂದು ಮನೆಯಲ್ಲಿ, ಯಾರೋ ಒಬ್ಬಳು, ಅವರ ಗುಂಡಿ ಹೊಲಿದು ಕೊಡುತ್ತಿರಬಹುದಲ್ಲವೆ? ಯೋಚಿಸುತ್ತ ಹೋದಂತೆ ಅವಳಿಗೆ ಮುಖವೂ ಬಂತು, ಮೂಗುತಿಯೂ ಬಂತು.

ಮನೆಗೆ ಹೋಗಿ ಕೇಳಿಯೇಬಿಟ್ಟೆ. ಅವರು ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. "ರೀ, ನಿಜ ಹೇಳಿ, ಇನ್ನೊಂದು ಮನೆ ಎಲ್ಲೈತೆ?" ಅಂದೆ. "ಒಂದು ಮನೇಲಿ ಕೂತ್ಕಳಕ್ಕೇ ಗಾಳಿ ಸಾಲ್ತಿಲ್ಲ ಕಣೇ, ಇನ್ನೊಂದು ಎಲ್ಲಿಂದ ಕಟ್ಲಿ?" ಅಂದರು. ಅಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನನಗೆ ಸಿಟ್ಟೂ ಇತ್ತು, ಭಯವೂ ಇತ್ತು. ಯಾವುದು ಯಾವುದರ ಮೇಲೆ ಕೂತಿದೆ ಅಂತ ತಿಳಿಯಲಿಲ್ಲ. ಹಣೆ ಮುಟ್ಟಿದರೆ ಕಾದ ಹಂಚು. ನಾನು ಆ ಮೂರೂ ಫಿಲ್ಮುಗಳನ್ನೂ ಮೂರೂ ರಿಪೋರ್ಟುಗಳನ್ನೂ ಹಿಟ್ಟಿನ ಚೀಲದೊಳಗೆ ತುರುಕಿಕೊಂಡು, ಅವರ ರಟ್ಟೆ ಹಿಡಿದು ಆಟೋ ಹತ್ತಿಸಿದೆ. ಎದುರಿಗೆ ಸಿಕ್ಕ ಮಸ್ತಾನ್ ಸಾಬರು ಏನೂ ಕೇಳದೆಯೇ ಹತ್ತಿ ಪಕ್ಕದಲ್ಲಿ ಕೂತರು.

ವಾರಿಜಾ ಡಾಕ್ಟರ ಕೋಣೆ ಕತ್ತಲೆಯಾಗಿತ್ತು, ಗೋಡೆಯ ಮೇಲೆ ಬಿಳಿ ಬೆಳಕಿನ ಪೆಟ್ಟಿಗೆ. ನಾನು ನಮಸ್ಕಾರ ಕೂಡ ಹೇಳಲಿಲ್ಲ. ಚೀಲವನ್ನು ಅವರ ಮೇಜಿನ ಮೇಲೆ ಕೊಡವಿದೆ, ಹಿಟ್ಟು ಅವರ ಮೂಗಿನವರೆಗೆ ಹಾರಿತು. "ಇದು ಯಾವ ಮನೆ ಗುಂಡಿ ಅಂತ ಬರ್ಕೊಡಿ" ಅಂದೆ. "ಏನಮ್ಮಾ?" ಅಂದರು. "ಅಲ್ಲಗಳೆಯಲಾಗದು, ತೋರುತ್ತದೆ, ಇರಬಹುದು ಅದೆಲ್ಲ ಬೇಡ. ಇವ್ರಿಗೆ ಇನ್ನೊಂದು ಮನೆ ಐತಾ ಇಲ್ವಾ ಅಂತ ಬರೀರಿ. ಐತೆ ಅಂದ್ರೆ ಐತೆ ಅನ್ನಿ, ನಾನು ತಡ್ಕತೀನಿ. ಇಲ್ಲ ಅಂದ್ರೆ ಈ ಮನುಷ್ಯ ಯಾಕೆ ಹಿಂಗಾಗ್ತಿದಾನೆ ಅದನ್ನಾದ್ರೂ ಬರೀರಿ. ನನ್ನ ಮನೇಲಿ ಒಂದು ಚಮಚ ಇಲ್ಲ ತಾಯಿ, ನೀರು ಕೈಯಾಗೆ ಕುಡೀತೀವಿ!" ಅಂದವಳಿಗೆ ಅಳು ಬಂದುಬಿಟ್ಟಿತು. ಮಸ್ತಾನ್ ಸಾಬರು ಹಿಂದಿನಿಂದ, "ನಮ್ಮ ಕೋಟಿನ ವಿಚಾರಾನೂ ಸ್ವಲ್ಪ ಬರೀರಿ ಮೇಡಂ" ಅಂದರು.

ಡಾಕ್ಟರು ನಗಲಿಲ್ಲ. ಮೂರೂ ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಾಲಾಗಿ ಸಿಕ್ಕಿಸಿದರು. ಬಹಳ ಹೊತ್ತು ನೋಡಿದರು. "ಮನೆ ಪೂರ್ತಿ ಖಾಲಿನಾ?" ಅಂತ ಕೇಳಿದರು. "ಪೂರ್ತಿ" ಅಂದೆ. "ಗುಂಡಿ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಕೆಳಗಿನ ಮಬ್ಬು ಮಾತ್ರ ಫಿಲ್ಮಿಂದ ಫಿಲ್ಮಿಗೆ ಜಾಸ್ತಿ ಆಗಿದೆ" ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಈ ಊರು ಅರ್ಥ ಆಗಲ್ಲಮ್ಮ. ಮೊದಲ ಫಿಲ್ಮು ನೋಡಿದಾಗಲೇ ಒಂದು ಪ್ರಶ್ನೆ ಬಾಯಿ ತುದಿಗೆ ಬಂದಿತ್ತು. ಕೇಳೋಕೆ ಹೆದರಿಕೆ ಆಯ್ತು" ಅಂದರು. "ಏನು ಪ್ರಶ್ನೆ?" ಅಂದೆ. ಅವರು ಬಾಗಿಲ ಕಡೆ ನೋಡಿದರು. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು. "ಆಮೇಲೆ ಹೇಳ್ತೀನಿ. ಮೊದಲು ಇನ್ನೊಂದು ಎಕ್ಸರೆ ತೆಗೀಬೇಕು, ಪಕ್ಕದಿಂದ" ಅಂದರು.

ಎದೆಯ ಎಕ್ಸರೆಯನ್ನು ನಮ್ಮೂರಿನಲ್ಲಿ ಯಾರೂ ಪಕ್ಕದಿಂದ ತೆಗೆಸಿರಲಿಲ್ಲ. ಮನೆಯ ಸಾಮಾನು ಹೋಯಿತೋ ಇಲ್ಲವೋ ಅಂತ ನೋಡಲು ಎದುರಿನದೊಂದು ಸಾಕು ಅಂತಲೇ ರೂಢಿ. ಫಿಲ್ಮು ತೊಳೆದು ಬರುವವರೆಗೆ ಡಾಕ್ಟರು ಒಂದು ಹಳೇ ಜೋಡಿ ಫಿಲ್ಮು ಹುಡುಕಿ ತಂದರು. ಯಾರದೋ ಮುರಿದ ಕಾಲು, ಒಂದನ್ನು ಎದುರಿನಿಂದ, ಒಂದನ್ನು ಪಕ್ಕದಿಂದ ತೆಗೆದದ್ದು. ಮೊಣಕಾಲಿನ ಹತ್ತಿರ ದೋಸೆ ಹಂಚು. "ನೋಡಿ, ಎದುರಿಂದ ತೆಗೆದಾಗ ಹಂಚು ದುಂಡಗಿದೆ. ಕಾಲು ತಿರುಗಿಸಿ ಪಕ್ಕದಿಂದ ತೆಗೆದಾಗಲೂ ದುಂಡಗೇ ಇದೆ. ನಿಜವಾದ ಹಂಚಾಗಿದ್ರೆ ಪಕ್ಕದಿಂದ ಹೇಗೆ ಕಾಣಬೇಕಿತ್ತು?" ಅಂದರು. ನಾನು ಹಂಚನ್ನು ಮನಸ್ಸಿನಲ್ಲೇ ತಿರುಗಿಸಿದೆ. "ತೆಳ್ಳಗೆ, ಗೆರೆ ಥರ" ಅಂದೆ. "ಹೌದು. ಮನೆ ಸಾಮಾನು ಯಾವ ಕಡೆಯಿಂದ ನೋಡಿದ್ರೂ ಮುಖಾನೇ ತೋರಿಸುತ್ತೆ, ಯಾಕಂದ್ರೆ ಅದು ಅಲ್ಲಿಲ್ಲ. ಅಲ್ಲೇ ಇರೋ ಸಾಮಾನು ತಿರುಗುತ್ತೆ" ಅಂದರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅಲ್ಲೇ ಇರುವ ಸಾಮಾನು ಅಂದರೆ ಏನು? ಅಲ್ಲೇ ಅಂದರೆ ಎಲ್ಲಿ?

ಒದ್ದೆ ಫಿಲ್ಮು ಬಂತು. ಡಾಕ್ಟರು ಸಿಕ್ಕಿಸಿದರು. ಗುಂಡಿ ಇರಲಿಲ್ಲ. ಹೋಯಿತು ಅಂತ ಕೂಗುವವಳಿದ್ದೆ, ಅಷ್ಟರಲ್ಲಿ ಅವರು ಪೆನ್ನಿನ ತುದಿಯಿಂದ ತೋರಿಸಿದರು. ಎದೆಯ ನಡುವೆ, ಸೂಜಿಯಷ್ಟು ತೆಳ್ಳಗೆ, ಬೆಳ್ಳಗೆ ಒಂದು ಗೆರೆ. ಗುಂಡಿ ತಿರುಗಿತ್ತು.

ಅವರು ಕುರ್ಚಿ ಎಳೆದುಕೊಂಡು ಯಜಮಾನರ ಎದುರಿಗೆ ಕೂತರು. ಆ ಪ್ರಶ್ನೆಯನ್ನು ಈಗ ಬಾಗಿಲು ತೆರೆದಿದ್ದಂತೆಯೇ, ಬೆಂಚಿನವರಿಗೂ ಕೇಳಿಸುವ ಹಾಗೆ ಕೇಳಿದರು. "ಹಾಲಪ್ಪನವರೇ, ನೀವು ಗುಂಡಿ ನುಂಗಿದ್ರಾ?" ಹೊರಗೆ ಯಾರೋ ಕಿಸಕ್ಕೆಂದರು. "ಸೌಟಾಯ್ತು, ಈಗ ಗುಂಡಿ" ಅಂತ ಒಂದು ದನಿ. ಡಾಕ್ಟರ ಕಿವಿ ಕೆಂಪಾದದ್ದು ಬೆಳಕಿನ ಪೆಟ್ಟಿಗೆಯ ಬೆಳಕಲ್ಲಿ ಕಂಡಿತು, ಆದರೆ ಅವರು ಕಣ್ಣು ಕದಲಿಸಲಿಲ್ಲ. ಯಜಮಾನರು ಇಲ್ಲ ಅಂತ ತಲೆಯಾಡಿಸಿದರು. "ಬಾಯಲ್ಲಿ ಇಟ್ಕೊಂಡಿದ್ರಾ? ಹೊಲಿಯೋವಾಗ?" ಯಜಮಾನರ ತಲೆ ನಿಂತಿತು. ಅವರಿಗಿಂತ ಮೊದಲು ಮಸ್ತಾನ್ ಸಾಬರು ಬಾಯಿ ಬಿಟ್ಟರು. "ಯಾ ಅಲ್ಲಾ, ಟೆಂಪೋದಾಗೆ!" ಅಂದರು. ಸೀಸನ್ನಿನ ಮೊದಲ ಮದುವೆಗೆ ಹೋಗುವಾಗ ಯಜಮಾನರು ಟೆಂಪೋದಲ್ಲಿ ಕೂತು ಕೋಟಿನ ತೋಳಿನ ತುದಿಯ ಸಣ್ಣ ಗುಂಡಿ ಹೊಲಿಯಲು ಹೊರಟಿದ್ದರಂತೆ. ಗುಂಡಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸುವಾಗ ಮಸ್ತಾನ್ ಸಾಬರು ಏನೋ ತಮಾಷೆ ಮಾಡಿದರಂತೆ, ಟೆಂಪೋ ಹಂಪು ಹಾರಿತಂತೆ. "ಕೆಮ್ಮಿದ್ದೇ ಕೆಮ್ಮಿದ್ದು ತಂಗಿ, ನಾನೇ ಬೆನ್ನಿಗೆ ಗುದ್ದಿದೆ. ಗುಂಡಿ ಕೆಳಗೆ ಬಿತ್ತು ಅಂದ್ಕೊಂಡ್ವಿ. ಸೀಟಿನಡಿ ಎಲ್ಲ ಹುಡುಕಿದ್ವಿ" ಅಂದರು. ಯಜಮಾನರು ಎದೆಯ ಮೇಲೆ ಕೈಯಿಟ್ಟುಕೊಂಡು, "ಅದು ನಮ್ಮನೆ ಗುಂಡಿ ಅಲ್ವೇನೋ ಹಂಗಾರೆ" ಅಂದರು. "ನಿಮ್ಮನೇದೇ. ಆದರೆ ನಿಮ್ಮ ಮನೇಲಿಲ್ಲ, ನಿಮ್ಮೊಳಗಿದೆ" ಅಂದರು ಡಾಕ್ಟರು.

ಬೆಂಚಿನ ಕಡೆಯಿಂದ ನಗು ಬರಲಿಲ್ಲ. ಫಿಲ್ಮಿನಲ್ಲಿ ಗುಂಡಿ ಇತ್ತು, ಯಾಕೆಂದರೆ ಎದೆಯಲ್ಲಿ ಗುಂಡಿ ಇತ್ತು! ನಿಜವಾದದ್ದು ಜಾಗ ಹಿಡಿದು ಕೂತಿದ್ದರಿಂದ ಮನೆಯದು ಯಾವುದೂ ಬಂದಿರಲಿಲ್ಲ. ಬೇರೆ ಯಾವ ಊರಿನಲ್ಲಾದರೂ ಇದನ್ನು ಕಂಡ ತಕ್ಷಣ ಹೇಳುತ್ತಿದ್ದರಂತೆ. ನಾವು ಇದ್ದ ಗುಂಡಿಗಳನ್ನೆಲ್ಲ ಹೊತ್ತು ಕಾಲುವೆ ದಾಟಿಸಿದೆವು. ಇಲ್ಲದ ಗುಂಡಿ ಯಾವುದು ಅಂತ ಕೋಟುಗಳ ತೋಳು ತಿರುಗಿಸಿ ನೋಡಿದವರು ಒಬ್ಬರೂ ಇಲ್ಲ.

ಆಗ ಡಾಕ್ಟರು ರಿಪೋರ್ಟು ಬರೆದರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಂದೊಂದು ಸಾಲು ಬರೆದ ಮೇಲೂ "ತಿಳೀತಾ?" ಅಂತ ಕೇಳುತ್ತ ಬರೆದರು. ಅದು ನನಗೆ ಬಾಯಿಪಾಠ ಬರುತ್ತದೆ. "ಇದು ಮನೆಯ ಸಾಮಾನಲ್ಲ. ಲೋಹದ ಗುಂಡಿಯೊಂದು ಬಲಗಡೆಯ ಉಸಿರು ಕೊಳವೆಯೊಳಗೆ ನಿಜವಾಗಿಯೂ ಸಿಕ್ಕಿಕೊಂಡಿದೆ. ಪಕ್ಕದಿಂದ ತೆಗೆದ ಫಿಲ್ಮಿನಲ್ಲಿ ಅದು ತಿರುಗಿ ಗೆರೆಯಾಗಿ ಕಾಣುವುದೇ ಇದಕ್ಕೆ ಪುರಾವೆ. ಅದರ ಕೆಳಗಿನ ಭಾಗಕ್ಕೆ ಗಾಳಿ ಹೋಗದೆ ಶ್ವಾಸಕೋಶ ಮುದುಡಿದೆ, ಮೊದಲ ಫಿಲ್ಮಿಗಿಂತ ಈಗ ಹೆಚ್ಚಾಗಿದೆ. ಕೀವು ಆಗಿದೆಯೋ ಇಲ್ಲವೋ ಇದರಿಂದ ಹೇಳಲು ಆಗುವುದಿಲ್ಲ. ಮಾತ್ರೆಯಿಂದ ಮಾತ್ರ ಗುಣವಾಗುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬಾಯಿಯ ಮೂಲಕ ನಳಿಕೆ ಹಾಕಿ ಗುಂಡಿ ತೆಗೆಯಬೇಕು, ಇಂದೇ ಕಳಿಸಬೇಕು. ಡಾಕ್ಟರ್ ಪರಮೇಶಯ್ಯನವರಿಗೆ ಫೋನಿನಲ್ಲಿ ತಿಳಿಸಿದ್ದೇನೆ." ಗೊತ್ತಿಲ್ಲದ ಒಂದನ್ನು ಗೊತ್ತಿಲ್ಲ ಅಂತ ಬರೆದಿದ್ದರು ನೋಡಿ, ಆ ಸಾಲಿನಿಂದಲೇ ನನಗೆ ಉಳಿದ ಸಾಲುಗಳ ಮೇಲೆ ನಂಬಿಕೆ ಬಂತು. ಬರೆದು ಮುಗಿಸಿ ನಿಜವಾಗಿಯೂ ಫೋನ್ ಮಾಡಿದರು. ಪರಮೇಶಯ್ಯನವರ ದನಿ ಫೋನಿನಾಚೆಗೂ ಕೇಳಿಸಿತು: "ಒಳಗೇನಾ? ಒಳಗೇ ಐತಾ? ನಾನೇ ಆಂಬುಲೆನ್ಸ್ ಕಳಿಸ್ತೀನಿ ತಡೀರಿ."

ದೊಡ್ಡಾಸ್ಪತ್ರೆ ಬೇರೆ ಊರಿನಲ್ಲಿದೆ. ಅಲ್ಲಿಯ ಡಾಕ್ಟರು ರಿಪೋರ್ಟು ಒಮ್ಮೆ ಓದಿದರು, ಎರಡನೇ ಸಲ ಓದಲಿಲ್ಲ. ನೇರವಾಗಿ ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಕೂತು, ಮೊದಲ ರಿಪೋರ್ಟು ಬಂದ ದಿನವೇ ಬಂದಿದ್ದರೆ, ಕೋಟು ಹೊರದೇ ಇದ್ದಿದ್ದರೆ, ಇನ್ನೊಂದು ಮನೆ ಅಂತ ಆ ಮನುಷ್ಯನ ಉಸಿರು ತೆಗೆಯದೇ ಇದ್ದಿದ್ದರೆ ಅಂತ ಎಣಿಸುತ್ತಿದ್ದೆ. ಮಸ್ತಾನ್ ಸಾಬರು ಗೋಡೆಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಆಮೇಲೆ ಡಾಕ್ಟರು ಹೊರಗೆ ಬಂದು ಒಂದು ಸಣ್ಣ ಸೀಸೆ ಕೊಟ್ಟರು. ಒಳಗೆ ಗುಂಡಿ, ಕಪ್ಪಗಾಗಿತ್ತು. "ಕೀವು ಶುರುವಾಗಿತ್ತು. ಇನ್ನೂ ತಡ ಆಗಿದ್ರೆ ಆ ಭಾಗಾನೇ ಕತ್ತರಿಸಿ ತೆಗೀಬೇಕಾಗ್ತಿತ್ತು. ಆಮೇಲೆ ಊದೋದು ಎಲ್ಲಿ ಬಂತು" ಅಂದರು. ಮತ್ತೆ, "ರಿಪೋರ್ಟ್ ಬರೆದವರು ಯಾರು? ನಮಗೆ ಹುಡುಕೋ ಕೆಲಸಾನೇ ಇರಲಿಲ್ಲ" ಅಂದರು. ಮಸ್ತಾನ್ ಸಾಬರು ಎದೆ ಉಬ್ಬಿಸಿ, "ನಮ್ಮ ಸೌಟು ಡಾಕ್ಟ್ರು ಸಾರ್" ಅಂದರು. ಆ ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ.

ಊರಿಗೆ ಬಂದು ಯಜಮಾನರು ಸ್ವಲ್ಪ ಸ್ವಲ್ಪ ಚೇತರಿಸಿಕೊಂಡ ಮೇಲೆ ವಾರಿಜಾ ಡಾಕ್ಟರು ಇನ್ನೊಂದು ಎಕ್ಸರೆಗೆ ಬರಲು ಹೇಳಿದರು. ಹೋಗುವಾಗ ನನಗೆ ಬೇರೆಯೇ ಚಿಂತೆ. ನಮ್ಮ ಸಾಮಾನೆಲ್ಲ ಇನ್ನೂ ಕಾಲುವೆಯಾಚೆಯೇ ಇತ್ತು. ಆಸ್ಪತ್ರೆಯ ಓಡಾಟದಲ್ಲಿ ತರಲಾಗಿರಲಿಲ್ಲ, ಕೋಟುಗಳನ್ನೂ ಕ್ಲಾರ್ನೆಟ್ಟನ್ನೂ ಮಾತ್ರ ಮಸ್ತಾನ್ ಸಾಬರು ತರಿಸಿ ತಮ್ಮ ಮನೆಯಲ್ಲಿಟ್ಟುಕೊಂಡಿದ್ದರು. ಖಾಲಿ ಮನೆಯಿಂದ ಬಂದ ಮನುಷ್ಯನ ಫಿಲ್ಮಿನಲ್ಲಿ ಏನು ಬರುತ್ತದೆ? ಏನೂ ಬಾರದಿದ್ದರೆ, ನನ್ನದು ಅನ್ನುವ ಮನೆಯೇ ಇಲ್ಲದವರ ಲೆಕ್ಕಕ್ಕೆ ಸೇರಿಬಿಟ್ಟರೆ? ಹಿಂದೆ ಅಲ್ಲಿ ಏನೋ ಕಂಡಿತು ಅಂತ ಅಳುತ್ತಿದ್ದವಳು ಈಗ ಏನೂ ಕಾಣದೇ ಹೋದರೆ ಅಂತ ಸೆರಗು ತಿರುವುತ್ತ ಕೂತೆ.

ಡಾಕ್ಟರು ಎರಡು ಫಿಲ್ಮು ಸಿಕ್ಕಿಸಿದರು, ಎದುರಿನದು, ಪಕ್ಕದ್ದು. ಈಗ ಊರಿನವರೆಲ್ಲರಿಗೂ ಎದೆಯದು ಎರಡು ತೆಗೆಯುತ್ತಾರೆ. ನೋಡುತ್ತ ನೋಡುತ್ತ ಅವರ ಮುಖ ಸಡಿಲವಾಯಿತು. ಬರೆದು ನನ್ನ ಕೈಗೆ ಕೊಟ್ಟು, "ನೀವೇ ಓದಿ" ಅಂದರು. ನಾನು ಓದಿದೆ. "ಗುಂಡಿ ಇಲ್ಲ. ಬಲಗಡೆಯ ಶ್ವಾಸಕೋಶ ಪೂರ್ತಿ ಅರಳಿದೆ. ಮಬ್ಬು ಇಲ್ಲ. ಎಡಗಡೆ, ಹೃದಯದ ಪಕ್ಕದಲ್ಲಿ, ಹಿಟ್ಟು ಗುಡಿಸುವ ಸಣ್ಣ ಪೊರಕೆಯೊಂದು ಕಾಣುತ್ತದೆ. ಎರಡೂ ಫಿಲ್ಮಿನಲ್ಲಿ ಮುಖ ತೋರಿಸಿದೆ, ಆದ್ದರಿಂದ ಮನೆಯದು. ಏನನ್ನೂ ಮರೆಮಾಡಿಲ್ಲ. ಸರಿಸುವ ಅಗತ್ಯವಿಲ್ಲ."

ನಾನು ಆ ಕೊನೆಯ ಸಾಲಿನ ಮೇಲೆ ನಿಂತೆ. ಪೊರಕೆ. ಚಮಚದಿಂದ ಹಿಡಿದು ಗಡಿಯಾರದವರೆಗೆ ಎಲ್ಲವನ್ನೂ ಗಾಡಿಗೆ ಹೇರಿಸಿದ್ದೆನಲ್ಲ, ಅದೊಂದು ಹೇಗೆ ಉಳಿಯಿತು? ಆಟೋದಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಗಿರಣಿಯ ಬಾಗಿಲು ತೆಗೆದಾಗ ತಿಳಿಯಿತು. ಗಾಡಿ ಹೇರುವಾಗಲೂ, ಚಿಕ್ಕಮ್ಮನೊಂದಿಗೆ ಮಾತಾಡುವಾಗಲೂ ಅದು ನನ್ನ ಕೈಯಲ್ಲೇ ಇತ್ತು. ಕೈಯಲ್ಲಿರುವುದನ್ನು ಸಾಮಾನು ಅಂತ ನಾನು ಎಣಿಸಿಯೇ ಇರಲಿಲ್ಲ. ವಾಪಸು ಬಂದು ಮೆಷಿನ್ನಿನ ಮೇಲೆ ಇಟ್ಟಿದ್ದೆ, ಅಲ್ಲೇ ಇತ್ತು.

ಯಜಮಾನರು ಖಾಲಿ ಕೋಣೆಯಲ್ಲಿ ನಿಂತು, ಮಸ್ತಾನ್ ಸಾಬರು ತಂದುಕೊಟ್ಟ ಕ್ಲಾರ್ನೆಟ್ಟನ್ನು ಒರೆಸಿ ತುಟಿಗಿಟ್ಟರು. ಸ್ವರ ಮೊದಲು ನಡುಗಿತು, ಆಮೇಲೆ ಹಿಡಿಯಿತು. ಕೊಟ್ರಮ್ಮ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು. "ಪೊರಕೆ ಬಂದೈತಂತೆ? ಕೊಡು ಇಲ್ಲಿ, ನಾನು ಕಾಲುವೆಯಾಚೆ ಹೋಗ್ತಿದೀನಿ, ಹಂಗೇ ಇಟ್ಟು ಬರ್ತೀನಿ" ಅಂದಳು. ಸ್ವರ ಇನ್ನೂ ಮುಗಿದಿರಲಿಲ್ಲ. ನಾನು ಕೈ ಎತ್ತಿ ಅವಳನ್ನು ಸುಮ್ಮನಿರಿಸಿ, ಪೊರಕೆಯನ್ನು ತೆಗೆದುಕೊಂಡು ಮೆಷಿನ್ನಿನ ಸುತ್ತ ಬಿದ್ದ ಹಿಟ್ಟನ್ನು ಗುಡಿಸತೊಡಗಿದೆ.